ಕ್ಲೌಡ್‌ಗೆ ಬೀಜ ಬಿತ್ತಿದ ಶಾಲಾ ಮೇಷ್ಟ್ರು: ಕ್ರಿಸ್ಟೋಫರ್ ಸ್ಟ್ರೇಚಿಗೆ ಸಿಕ್ಕ ಆ ಒಂದು ರಾತ್ರಿ

ನನ್ನ ಕೆಲಸ ಸರ್ವರ್‌ಗಳನ್ನು ನೋಡಿಕೊಳ್ಳೋದು. ಆದರೆ ಕಳೆದ ಹತ್ತು ವರ್ಷಗಳಲ್ಲಿ ನಾನು ನೋಡಿಕೊಳ್ಳುವ ಒಂದೇ ಒಂದು ಸರ್ವರನ್ನೂ ಕಣ್ಣಾರೆ ಕಂಡಿಲ್ಲ. ಮುಟ್ಟಿಲ್ಲ, ಅದರ ಫ್ಯಾನಿನ ಸದ್ದು ಕೇಳಿಲ್ಲ. ಬೆಂಗಳೂರಿನ ಬಾಡಿಗೆ ಮನೆಯ ಮೂಲೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಬರೆದರೆ ಮುಂಬೈಯಲ್ಲೋ ಸಿಂಗಪುರದಲ್ಲೋ ಒಂದು ಕಂಪ್ಯೂಟರ್ ಹುಟ್ಟುತ್ತದೆ. ಇನ್ನೊಂದು ಸಾಲು ಬರೆದರೆ ಸಾಯುತ್ತದೆ. ಅದು ಬದುಕಿದ್ದಷ್ಟು ಹೊತ್ತಿಗೆ ಸೆಕೆಂಡಿನ ಲೆಕ್ಕದಲ್ಲಿ ಬಾಡಿಗೆ. ತಿಂಗಳ ಕೊನೆಗೆ ಬಿಲ್ ಬಂದಾಗ ಮಾತ್ರ ಇದೆಲ್ಲ ನಿಜ ಅಂತ ಗೊತ್ತಾಗೋದು.

ಹೀಗೆ ಹುಟ್ಟುವ ಕಂಪ್ಯೂಟರ್ ಕಬ್ಬಿಣ, ತಗಡಿನದ್ದಲ್ಲ. ಎಲ್ಲೋ ಒಂದು ದೊಡ್ಡ ಯಂತ್ರ ಇರುತ್ತದೆ. ಅದರ ಮೇಲೆ ಹೈಪರ್‌ವೈಸರ್ ಅನ್ನೋ ಒಂದು ತಂತ್ರಾಂಶ ಕೂತಿರುತ್ತದೆ. ಅದು ಆ ಒಂದೇ ಯಂತ್ರವನ್ನು ಹತ್ತಾರು ಪಾಲು ಮಾಡಿ, ಪ್ರತಿ ಪಾಲಿಗೂ ತಾನೇ ಒಂದು ಇಡೀ ಯಂತ್ರ ಅಂತ ನಂಬಿಸುತ್ತದೆ. ನನ್ನ ಪಾಲಿನ ಪಕ್ಕದಲ್ಲಿ ಯಾರದ್ದೋ ಬ್ಯಾಂಕಿನ ಲೆಕ್ಕ ಓಡುತ್ತಿರಬಹುದು, ಯಾರದ್ದೋ ಆನ್‌ಲೈನ್ ಆಟ ನಡೀತಿರಬಹುದು. ನನಗದು ಕಾಣಿಸೋದಿಲ್ಲ, ಅವರಿಗೆ ನಾನು ಕಾಣಿಸೋದಿಲ್ಲ. ಇದಕ್ಕೆ ವರ್ಚುವಲೈಸೇಶನ್ ಅಂತ ಹೆಸರು. ಕ್ಲೌಡ್ ಅಂತ ನಾವು ಕರೆಯುವ ಇಡೀ ವ್ಯಾಪಾರ ನಿಂತಿರೋದು ಈ ನಂಬಿಕೆಯ ಮೇಲೆ.

ಈ ಯೋಚನೆ ಎಲ್ಲಿಂದ ಶುರುವಾಯಿತು ಅಂತ ಹುಡುಕುತ್ತಾ ಹೋದಾಗ ನನಗೆ ಪದೇ ಪದೇ ಎದುರಾದ ಹೆಸರು ಕ್ರಿಸ್ಟೋಫರ್ ಸ್ಟ್ರೇಚಿ. ಕಂಪ್ಯೂಟರ್ ವಿಜ್ಞಾನ ಓದಿದವರಿಗೆ ಗೊತ್ತಿರುವ ದೊಡ್ಡ ಹೆಸರು. ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. 1975ರಲ್ಲೇ ತೀರಿಕೊಂಡ ಈ ಬ್ರಿಟಿಷ್ ಮನುಷ್ಯನ ಬದುಕಿನ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಆತನ ಜಾಣತನ ಒಂದೇ ಅಲ್ಲ. ಆತನಿಗೆ ಸಿಕ್ಕ ಅವಕಾಶಗಳ ಕತೆ. ಅದು ನಮ್ಮ ಹುಡುಗ ಹುಡುಗಿಯರಿಗೆ ಸಿಗದ ಅವಕಾಶಗಳ ಕತೆಯೂ ಹೌದು.

ದೊಡ್ಡ ಮನೆತನ, ಸಾಧಾರಣ ಮಾರ್ಕು

ಸ್ಟ್ರೇಚಿ ಹುಟ್ಟಿದ್ದು 1916ರ ನವೆಂಬರ್ 16ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ಅಪ್ಪ ಆಲಿವರ್ ಸ್ಟ್ರೇಚಿ ಎರಡೂ ಮಹಾಯುದ್ಧಗಳಲ್ಲಿ ಶತ್ರುಗಳ ಗುಪ್ತ ಸಂದೇಶ ಬಿಡಿಸಿದವನು. ಅಮ್ಮ ರೇ ಸ್ಟ್ರೇಚಿ ಕೇಂಬ್ರಿಡ್ಜ್‌ನಲ್ಲಿ ಗಣಿತ ಓದಿದವಳು, ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದವಳು, ಆ ಹೋರಾಟದ ಇತಿಹಾಸ ಬರೆದವಳು. ಹೆಸರಾಂತ ಲೇಖಕ ಲಿಟ್ಟನ್ ಸ್ಟ್ರೇಚಿ ಸ್ವಂತ ಚಿಕ್ಕಪ್ಪ. ಮನೆಗೆ ಬರುತ್ತಿದ್ದವರೆಲ್ಲ ಆ ಕಾಲದ ಇಂಗ್ಲೆಂಡಿನ ಬುದ್ಧಿವಂತರ ಗುಂಪಿನವರು.

ಈ ಮನೆತನಕ್ಕೂ ನಮಗೂ ಒಂದು ಹಳೇ ನಂಟಿದೆ. ಅದು ಸಿಹಿ ನೆನಪೇನಲ್ಲ. ಕ್ರಿಸ್ಟೋಫರನ ತಾತ ಸರ್ ರಿಚರ್ಡ್ ಸ್ಟ್ರೇಚಿ ಭಾರತದಲ್ಲಿ ದೊಡ್ಡ ಅಧಿಕಾರಿಯಾಗಿದ್ದವನು. ನಮ್ಮ ಹಿರಿಯರು ಧಾತು ಸಂವತ್ಸರದ ಬರ ಅಂತ ಕರೆಯುತ್ತಿದ್ದ 1876–78ರ ಭೀಕರ ಕ್ಷಾಮದ ನಂತರ ಬ್ರಿಟಿಷ್ ಸರ್ಕಾರ ನೇಮಿಸಿದ ಕ್ಷಾಮ ಆಯೋಗಕ್ಕೆ ಈತನೇ ಅಧ್ಯಕ್ಷ. ಆ ಬರದಲ್ಲಿ ಮೈಸೂರು ಸಂಸ್ಥಾನ ನಲುಗಿ ಹೋಯಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಜನ 1881ಕ್ಕೆ 42 ಲಕ್ಷದ ಆಸುಪಾಸಿಗೆ ಇಳಿದಿದ್ದರು. ಬಳ್ಳಾರಿ, ರಾಯಚೂರು, ಧಾರವಾಡದ ಕಡೆಯ ಹಳ್ಳಿಗಳೂ ಖಾಲಿಯಾದವು. ರೈಲು, ಕಾಲುವೆ, ಕಂದಾಯದ ಲೆಕ್ಕದಲ್ಲಿ ನಮ್ಮ ನಾಡನ್ನು ಆಳಿದ ಮನೆತನಗಳಲ್ಲಿ ಇದೂ ಒಂದು. ಕ್ರಿಸ್ಟೋಫರನ ಅಪ್ಪ ಕೂಡ ಗುಪ್ತಲಿಪಿಯ ಕೆಲಸಕ್ಕೆ ಬರುವ ಮುಂಚೆ ಈಸ್ಟ್ ಇಂಡಿಯನ್ ರೈಲ್ವೆಗೆ ದುಡಿದವನೇ. ಆ ಮನೆತನದ ಬಲ ಎಷ್ಟು ದೊಡ್ಡದು ಅನ್ನೋದು ಮುಂದೆ ಕತೆಯಲ್ಲಿ ಕಾಣುತ್ತದೆ, ಅದಕ್ಕೇ ಇದನ್ನು ಮೊದಲೇ ಹೇಳಿದೆ.

ಹುಡುಗ ಗ್ರೆಶಮ್ಸ್ ಶಾಲೆಯಲ್ಲಿ ಓದಿ 1935ರಲ್ಲಿ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿಗೆ ಸೇರಿದ. ಗಣಿತಕ್ಕೆ ಸೇರಿದವನು ಆಮೇಲೆ ಭೌತಶಾಸ್ತ್ರಕ್ಕೆ ಹೊರಳಿದ. ಮಧ್ಯೆ ಮಾನಸಿಕವಾಗಿ ಕುಸಿದು ಬಿದ್ದ, ಓದು ನಿಂತಿತು, ಮತ್ತೆ ಬಂದು ಪರೀಕ್ಷೆ ಬರೆದ. ಕೊನೆಗೆ ಸಿಕ್ಕಿದ್ದು ಎರಡನೇ ದರ್ಜೆಯ ಪದವಿ. ಸಂಶೋಧನೆಗೆ ಹೋಗುವ ಆಸೆ ಅಲ್ಲಿಗೆ ಮುಗಿಯಿತು. ಯುದ್ಧದ ಕಾಲದಲ್ಲಿ ಒಂದು ಟೆಲಿಫೋನ್ ಉಪಕರಣ ಕಂಪನಿಯಲ್ಲಿ ರೇಡಾರಿಗೆ ಬೇಕಾದ ಎಲೆಕ್ಟ್ರಾನ್ ವಾಲ್ವುಗಳ ಲೆಕ್ಕ ಹಾಕುತ್ತಿದ್ದ. ಆ ಲೆಕ್ಕಕ್ಕಾಗಿ ಡಿಫರೆನ್ಷಿಯಲ್ ಅನಲೈಸರ್ ಅನ್ನೋ ಯಂತ್ರ ಬಳಸಬೇಕಾಯಿತು. ಯಂತ್ರಕ್ಕೆ ಲೆಕ್ಕ ಹೇಳಿಕೊಡುವ ಹುಚ್ಚು ಹಿಡಿದದ್ದು ಅಲ್ಲೇ.

ಯುದ್ಧ ಮುಗಿದ ಮೇಲೆ ಮೇಷ್ಟ್ರಾದ. ಮೊದಲು ಕ್ಯಾಂಟರ್‌ಬರಿಯ ಶಾಲೆ, 1949ರಿಂದ ಹ್ಯಾರೋ. ಡಾಕ್ಟರೇಟ್ ಇಲ್ಲ. ವಯಸ್ಸು ಮೂವತ್ತು ದಾಟಿತ್ತು. ಇವತ್ತಿನ ಯಾವುದೇ ಐಟಿ ಕಂಪನಿಯ ನೇಮಕಾತಿ ವಿಭಾಗಕ್ಕೆ ಈ ಬಯೋಡೇಟಾ ಕಳಿಸಿ ನೋಡಿ. ಮನುಷ್ಯರ ಕಣ್ಣಿಗೆ ಬೀಳುವ ಮುಂಚೆಯೇ ತಂತ್ರಾಂಶ ಅದನ್ನು ಕಸದ ಬುಟ್ಟಿಗೆ ಹಾಕಿರುತ್ತದೆ.

ಮ್ಯಾಂಚೆಸ್ಟರಿನ ಆ ರಾತ್ರಿ

1951ರ ಜನವರಿ. ರಜೆಯಲ್ಲಿದ್ದ ಮೇಷ್ಟ್ರು ಗೆಳೆಯರೊಬ್ಬರ ಮೂಲಕ ಲಂಡನ್ ಹತ್ತಿರದ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಹೋಗಿ ಪೈಲಟ್ ಏಸ್ ಅನ್ನೋ ಕಂಪ್ಯೂಟರ್ ನೋಡಿಕೊಂಡು ಬಂದ. ಬಂದವನು ಶಾಲೆಯ ಕೆಲಸದ ನಡುವೆಯೇ ಅದಕ್ಕೊಂದು ಚೆಕರ್ಸ್ ಆಟದ ಪ್ರೋಗ್ರಾಂ ಬರೆಯತೊಡಗಿದ. ಆಟ ಆಡುವ ಕಂಪ್ಯೂಟರ್ ಅಂದರೆ ಆಗ ನಗುವ ಮಾತು. ಜುಲೈ ಕೊನೆಗೆ ಅದನ್ನು ಓಡಿಸಿ ನೋಡಿದರೆ ಯಂತ್ರದ ಮೆಮೊರಿಯೇ ಸಾಲಲಿಲ್ಲ.

ಅಷ್ಟರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಫೆರಾಂಟಿ ಕಂಪನಿ ಮಾಡಿಕೊಟ್ಟ ಹೊಸ ಯಂತ್ರ ಬಂದಿರುವ ಸುದ್ದಿ ಕಿವಿಗೆ ಬಿತ್ತು. ಅದರ ಕೈಪಿಡಿ ಬರೆದಿದ್ದವನು ಅಲನ್ ಟ್ಯೂರಿಂಗ್. ಕಿಂಗ್ಸ್ ಕಾಲೇಜಿನ ಕಾಲದಿಂದ ಇಬ್ಬರಿಗೂ ಪರಿಚಯ. ಸ್ಟ್ರೇಚಿ ಕೈಪಿಡಿ ತರಿಸಿಕೊಂಡ. ಅದನ್ನು ಓದೋದೇ ಒಂದು ಶಿಕ್ಷೆ. ಆ ಯಂತ್ರಕ್ಕೆ ಸಂಖ್ಯೆಗಳನ್ನು ನಮ್ಮ ಹತ್ತರ ಲೆಕ್ಕದಲ್ಲಿ ಕೊಡುವಂತಿರಲಿಲ್ಲ. ಮೂವತ್ತೆರಡರ ಲೆಕ್ಕದಲ್ಲಿ, ಟೆಲಿಪ್ರಿಂಟರಿನ ಅಕ್ಷರಗಳಲ್ಲಿ, ಅದೂ ಹಿಂದುಮುಂದಾಗಿ ಬರೆಯಬೇಕಿತ್ತು. ಮೇಷ್ಟ್ರು ಅದನ್ನೂ ಅರಗಿಸಿಕೊಂಡ.

ಆಗ ಟ್ಯೂರಿಂಗ್ ಆತನಿಗೆ ಒಂದು ಕೆಲಸ ಸೂಚಿಸಿದ. ಆ ಕಂಪ್ಯೂಟರ್ ತನ್ನನ್ನೇ ತಾನು ಅನುಕರಣೆ ಮಾಡುವಂಥ ಪ್ರೋಗ್ರಾಂ ಬರೆಯಬೇಕು. ಅಂದರೆ ಯಂತ್ರದೊಳಗೆ ಅದೇ ಯಂತ್ರದ ಇನ್ನೊಂದು ರೂಪ. ಒಳಗಿನ ಯಂತ್ರ ಇನ್ನೊಂದು ಪ್ರೋಗ್ರಾಮಿನ ಆದೇಶಗಳನ್ನು ಒಂದೊಂದಾಗಿ ಓದುತ್ತದೆ, ನಡೆಸುತ್ತದೆ, ಏನೇನಾಯಿತು ಅಂತ ಹೊರಗಿನವರಿಗೆ ತೋರಿಸುತ್ತದೆ. ತಪ್ಪು ಎಲ್ಲಿದೆ ಅಂತ ಹುಡುಕೋಕೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಸ್ಟ್ರೇಚಿ ಶಾಲೆಯಲ್ಲೇ ಕೂತು ಬರೆದ. ಸುಮಾರು ಸಾವಿರ ಆದೇಶಗಳ ಪ್ರೋಗ್ರಾಂ ಅದು. ಆವರೆಗೆ ಆ ಯಂತ್ರಕ್ಕೆ ಯಾರೂ ಅಷ್ಟು ದೊಡ್ಡದನ್ನು ಬರೆದಿರಲಿಲ್ಲ. ಮ್ಯಾಂಚೆಸ್ಟರಿಗೆ ಹೋದಾಗ ಟ್ಯೂರಿಂಗ್ ತನ್ನ ಎಂದಿನ ಅವಸರದಲ್ಲಿ ಯಂತ್ರ ನಡೆಸೋದು ಹೇಗೆ ಅಂತ ಗಡಗಡ ಹೇಳಿ ಹೊರಟುಬಿಟ್ಟ. ಇಡೀ ರಾತ್ರಿ ಆ ದುಬಾರಿ ಯಂತ್ರ, ಒಬ್ಬ ಶಾಲಾ ಮೇಷ್ಟ್ರು, ಇಬ್ಬರೇ. ಬೆಳಗಾಗುವ ಹೊತ್ತಿಗೆ ಪ್ರೋಗ್ರಾಂ ಬಹುತೇಕ ಸರಿಯಾಗಿ ಓಡುತ್ತಿತ್ತು. ಕೊನೆಗೆ ಯಂತ್ರದ ಹೂಟರಿನಿಂದ ಬ್ರಿಟನ್ನಿನ ರಾಷ್ಟ್ರಗೀತೆ ಕೇಳಿಸಿತು. ಅದನ್ನೂ ಸ್ಟ್ರೇಚಿಯೇ ಸೇರಿಸಿಟ್ಟಿದ್ದ. ಕಂಪ್ಯೂಟರ್ ನುಡಿಸಿದ ಸಂಗೀತದ ಮೊದಲ ಉದಾಹರಣೆಗಳಲ್ಲಿ ಅದೂ ಒಂದು.

ನಾನು ದಿನಾ ಬಾಡಿಗೆಗೆ ಪಡೆಯುವ ವರ್ಚುವಲ್ ಯಂತ್ರದ ಮೂಲ ಬೀಜ ಆ ರಾತ್ರಿಯಲ್ಲಿದೆ. ಯಂತ್ರವೊಂದು ತನ್ನ ಹೊಟ್ಟೆಯಲ್ಲಿ ತನ್ನದೇ ನಕಲನ್ನು ಹೊತ್ತು ಓಡಿಸಬಹುದು ಅನ್ನೋ ತತ್ವವನ್ನು ಟ್ಯೂರಿಂಗ್ 1936ರಲ್ಲೇ ಕಾಗದದ ಮೇಲೆ ತೋರಿಸಿದ್ದ. ನಿಜವಾದ ಯಂತ್ರದ ಮೇಲೆ ಅದನ್ನು ದೊಡ್ಡದಾಗಿ ಮಾಡಿ ತೋರಿಸಿದವರ ಮೊದಲ ಸಾಲಿನಲ್ಲಿ ಈ ಮೇಷ್ಟ್ರಿದ್ದಾನೆ.

ಆ ಒಂದು ರಾತ್ರಿ ಆತನ ಹಣೆಬರಹ ಬದಲಿಸಿತು. ಸುದ್ದಿ ಹಬ್ಬಿ, ಸರ್ಕಾರಿ ದುಡ್ಡಿನ ಸಂಶೋಧನೆಗಳನ್ನು ಉದ್ಯಮಕ್ಕೆ ತಲುಪಿಸುವ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮದಿಂದ ಕೆಲಸದ ಕರೆ ಬಂತು. 1952ರ ಜೂನ್‌ನಲ್ಲಿ ಸ್ಟ್ರೇಚಿ ಸೀಮೆಸುಣ್ಣ ಕೆಳಗಿಟ್ಟ.

ಗಿರಣಿಯ ಸಾಲು, ದೋಸೆಯ ಕಾವಲಿ

ಅದೇ ವರ್ಷ ಆತನ ಚೆಕರ್ಸ್ ಪ್ರೋಗ್ರಾಂ ಮ್ಯಾಂಚೆಸ್ಟರಿನ ಯಂತ್ರದಲ್ಲಿ ಪೂರ್ತಿ ಆಟ ಆಡತೊಡಗಿತು. ಎದುರಾಳಿ ನಡೆ ಹಾಕೋಕೆ ತಡಮಾಡಿದರೆ ಟೆಲಿಪ್ರಿಂಟರಿನಲ್ಲಿ ಗದರುತ್ತಿತ್ತು. ಪದಗಳನ್ನು ಮನಬಂದಂತೆ ಆರಿಸಿ ಪ್ರೇಮಪತ್ರ ಬರೆಯುವ ಪ್ರೋಗ್ರಾಮನ್ನೂ ಮಾಡಿದ. ಇವು ತಮಾಷೆಯ ಕೆಲಸಗಳು. ಗಂಭೀರದ್ದೂ ಇತ್ತು. ಕೆನಡಾದ ಟೊರಾಂಟೋಗೆ ಹೋಗಿ, ಸೇಂಟ್ ಲಾರೆನ್ಸ್ ನದಿಯ ಜಲಮಾರ್ಗ ಯೋಜನೆಗೆ ಬೇಕಾದ ನೀರಿನ ಲೆಕ್ಕಾಚಾರದ ಪ್ರೋಗ್ರಾಂ ಬರೆದುಕೊಟ್ಟ. ಫೆರಾಂಟಿಯ ಪೆಗಾಸಸ್ ಕಂಪ್ಯೂಟರಿನ ವಿನ್ಯಾಸದಲ್ಲಿ ದೊಡ್ಡ ಪಾತ್ರ ವಹಿಸಿದ. ಪ್ರೋಗ್ರಾಂ ಬರೆಯುವವರಿಗೆ ಸುಲಭವಾಗುವಂತೆ ರೂಪಿಸಿದ ಯಂತ್ರ ಅಂತ ಅದು ಹೆಸರು ಮಾಡಿತು.

ಇಷ್ಟೆಲ್ಲ ಮಾಡುತ್ತಾ ಆತನಿಗೆ ಒಂದು ವಿಷಯ ಕಾಡುತ್ತಿತ್ತು. ಅದು ಅರ್ಥ ಆಗಬೇಕಾದರೆ ಆ ಕಾಲದ ಕಂಪ್ಯೂಟರ್ ಕೋಣೆ ಹೇಗಿತ್ತು ಅಂತ ಗೊತ್ತಿರಬೇಕು.

ನಮ್ಮೂರಿನ ಹಿಟ್ಟಿನ ಗಿರಣಿ ನೆನಪು ಮಾಡಿಕೊಳ್ಳಿ. ರಾಗಿ, ಜೋಳ, ಗೋಧಿ ತುಂಬಿದ ಡಬ್ಬಗಳು ಸಾಲಾಗಿ ಕೂತಿರುತ್ತವೆ. ಒಬ್ಬರದ್ದು ಪೂರ್ತಿ ಬೀಸಿ ಮುಗಿಯುವ ತನಕ ಇನ್ನೊಬ್ಬರದ್ದಕ್ಕೆ ಕೈ ಹಾಕೋದಿಲ್ಲ. ಡಬ್ಬ ಇಟ್ಟು ಮನೆಗೆ ಹೋಗಿ, ಸಂಜೆ ಬಂದು ತಗೊಂಡು ಹೋಗಬೇಕು. 1950ರ ದಶಕದ ದೊಡ್ಡ ಕಂಪ್ಯೂಟರುಗಳು ಹೀಗೇ ಇದ್ದವು. ಪ್ರೋಗ್ರಾಮನ್ನು ಕಾರ್ಡಿನಲ್ಲೋ ಕಾಗದದ ಪಟ್ಟಿಯಲ್ಲೋ ತೂತು ಹೊಡೆದು ಕಿಟಕಿಯಲ್ಲಿ ಕೊಟ್ಟು ಹೋಗಬೇಕು. ಮಾರನೇ ದಿನ ಬಂದರೆ ಒಂದು ಅಲ್ಪವಿರಾಮ ತಪ್ಪಿದ್ದಕ್ಕೆ ಕೆಲಸ ನಿಂತಿದೆ ಅಂತ ಗೊತ್ತಾಗುತ್ತಿತ್ತು. ಸರಿಪಡಿಸಿ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಯಂತ್ರದ ಸಮಯ ದುಬಾರಿ, ಮನುಷ್ಯನ ಸಮಯ ಅಗ್ಗ ಅನ್ನೋ ಲೆಕ್ಕ.

ತಮಾಷೆ ಅಂದರೆ ಆ ದುಬಾರಿ ಯಂತ್ರವೂ ಬಹಳ ಹೊತ್ತು ಸುಮ್ಮನೇ ಕೂತಿರುತ್ತಿತ್ತು. ಕಾರ್ಡು ಓದುವ, ಮುದ್ರಿಸುವ ಉಪಕರಣಗಳು ಯಂತ್ರದ ಮಿದುಳಿನ ವೇಗದ ಮುಂದೆ ಬಸವನಹುಳುಗಳು. ಅವು ಕೆಲಸ ಮುಗಿಸುವ ತನಕ ಮಿದುಳು ಕಾಯಬೇಕು.

ಇದಕ್ಕೆ ಸ್ಟ್ರೇಚಿ ಕಂಡುಕೊಂಡ ದಾರಿಯನ್ನು ನಮ್ಮ ದರ್ಶಿನಿಯ ದೋಸೆ ಭಟ್ಟರಿಗೆ ವಿವರಿಸಬೇಕಾಗಿಲ್ಲ. ಒಂದೇ ಕಾವಲಿ. ಒಂದು ದೋಸೆ ಬೇಯುತ್ತಿರುವಾಗ ಪಕ್ಕದಲ್ಲಿ ಇನ್ನೊಂದು ಹುಯ್ಯುತ್ತಾರೆ, ಮೂರನೆಯದಕ್ಕೆ ಪಲ್ಯ ಹಾಕುತ್ತಾರೆ, ನಾಲ್ಕನೆಯದನ್ನು ಮಡಚಿ ತಟ್ಟೆಗೆ ಹಾಕುತ್ತಾರೆ. ಎದುರು ನಿಂತ ಹತ್ತು ಜನರಿಗೂ ಭಟ್ಟರು ತಮಗಾಗಿಯೇ ದೋಸೆ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಅದೇ ರೀತಿ ಒಂದು ಪ್ರೋಗ್ರಾಂ ಕಾಯುತ್ತಿರುವಾಗ ಯಂತ್ರ ಇನ್ನೊಂದನ್ನು ಕೈಗೆತ್ತಿಕೊಳ್ಳಲಿ. ಯಾವುದು ಯಾವಾಗ ಅಂತ ನಿರ್ಧರಿಸೋಕೆ ಮೇಲ್ವಿಚಾರಣೆಯ ಒಂದು ಪ್ರೋಗ್ರಾಂ ಯಾವಾಗಲೂ ಯಂತ್ರದೊಳಗೇ ಇರಲಿ. ಅದಕ್ಕೆ ಆತ ಇಟ್ಟ ಹೆಸರು ಡೈರೆಕ್ಟರ್. ಒಬ್ಬರ ಪ್ರೋಗ್ರಾಂ ಇನ್ನೊಬ್ಬರ ಮೆಮೊರಿಗೆ ಕೈ ಹಾಕದಂತೆ ಯಂತ್ರದಲ್ಲೇ ಬೇಲಿ ಇರಲಿ.

ಈ ವ್ಯವಸ್ಥೆಯಿಂದ ಸಿಗುವ ದೊಡ್ಡ ಲಾಭವನ್ನೂ ಆತ ಗುರುತಿಸಿದ್ದ. ಮುಖ್ಯ ಕೆಲಸಗಳು ನಡೆಯುತ್ತಿರುವಾಗಲೇ ಒಬ್ಬ ಪ್ರೋಗ್ರಾಮರ್ ಯಂತ್ರದ ಮುಂದೆ ಕೂತು, ತನ್ನ ತಪ್ಪುಗಳನ್ನು ತನ್ನ ವೇಗದಲ್ಲಿ, ನಿಧಾನವಾಗಿ ಯೋಚಿಸುತ್ತಾ ತಿದ್ದಿಕೊಳ್ಳಬಹುದು. ಆತ ಯೋಚಿಸುವ ಹೊತ್ತಿನಲ್ಲಿ ಯಂತ್ರ ನಷ್ಟ ಅನುಭವಿಸೋದಿಲ್ಲ. ಮ್ಯಾಂಚೆಸ್ಟರಿನ ಆ ರಾತ್ರಿ ತನಗೆ ಸಿಕ್ಕಿದ್ದನ್ನು ಎಲ್ಲ ಪ್ರೋಗ್ರಾಮರುಗಳಿಗೂ, ಹಗಲು ಹೊತ್ತಿನಲ್ಲೇ, ದುಬಾರಿಯಾಗದಂತೆ ಕೊಡೋದು ಹೇಗೆ ಅನ್ನೋ ಪ್ರಶ್ನೆಗೆ ಇದು ಉತ್ತರ. ನಾನು ಇದನ್ನು ಹೀಗೆ ಓದುತ್ತೇನೆ.

1959ರ ಫೆಬ್ರವರಿಯಲ್ಲಿ ಸ್ಟ್ರೇಚಿ ಈ ಯೋಚನೆಗೆ ಪೇಟೆಂಟ್ ಅರ್ಜಿ ಹಾಕಿದ. ಜೂನ್‌ನಲ್ಲಿ ಪ್ಯಾರಿಸ್ಸಿನಲ್ಲಿ ಯುನೆಸ್ಕೊ ಸಮ್ಮೇಳನ ನಡೆದಾಗ ದೊಡ್ಡ ವೇಗದ ಕಂಪ್ಯೂಟರುಗಳಲ್ಲಿ ಸಮಯ ಹಂಚಿಕೆಯ ಬಗ್ಗೆ ಪ್ರಬಂಧ ಮಂಡಿಸಿದ. ಟೈಮ್ ಶೇರಿಂಗ್ ಅನ್ನೋ ಮಾತು ಜಗತ್ತಿನ ಕಂಪ್ಯೂಟರ್ ತಜ್ಞರ ಕಿವಿಗೆ ಬಿದ್ದದ್ದು ಬಹುಮಟ್ಟಿಗೆ ಅಲ್ಲಿಂದ.

ಇಲ್ಲೊಂದು ನ್ಯಾಯದ ಮಾತು ಹೇಳಬೇಕು. ಅದೇ ವರ್ಷದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾನ್ ಮೆಕಾರ್ಥಿ, ಒಂದೇ ಕಂಪ್ಯೂಟರಿಗೆ ಹಲವು ಜನ ಒಟ್ಟಿಗೆ ಕೂತು ಕೆಲಸ ಮಾಡುವ ವ್ಯವಸ್ಥೆಯ ಬಗ್ಗೆ ಟಿಪ್ಪಣಿ ಬರೆದಿದ್ದ. ಸ್ಟ್ರೇಚಿಯ ಯೋಜನೆಯಲ್ಲಿ ಹಲವು ಪ್ರೋಗ್ರಾಮುಗಳು ಒಟ್ಟಿಗೆ ಓಡೋದು ಮುಖ್ಯ. ಮೆಕಾರ್ಥಿಯ ಯೋಜನೆಯಲ್ಲಿ ಹಲವು ಮನುಷ್ಯರು ಒಟ್ಟಿಗೆ ಕೂರೋದು ಮುಖ್ಯ. ಎರಡಕ್ಕೂ ಒಂದೇ ಹೆಸರು ಅಂಟಿಕೊಂಡಿತು. 1974ರಲ್ಲಿ ಡೊನಾಲ್ಡ್ ನೂತ್‌ಗೆ ಬರೆದ ಪತ್ರದಲ್ಲಿ ಸ್ಟ್ರೇಚಿಯೇ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿದ, ತನ್ನದಲ್ಲದ ಯಶಸ್ಸನ್ನು ತನ್ನ ಹೆಸರಿಗೆ ಬರೆದುಕೊಳ್ಳಲಿಲ್ಲ. ಈ ಒಂದು ಪತ್ರಕ್ಕೇ ನನಗೆ ಆತನ ಮೇಲೆ ಗೌರವ ಹೆಚ್ಚು.

ಭಾಷೆಯ ಕಡೆ ಹೊರಳಿದ್ದು

1959ರಲ್ಲಿ ನಿಗಮದ ಕೆಲಸ ಬಿಟ್ಟು ಸ್ಟ್ರೇಚಿ ಸ್ವತಂತ್ರ ಸಲಹೆಗಾರನಾದ. ದುಡ್ಡು ಬರುವ ಕೆಲಸಗಳ ನಡುವೆಯೇ ಪೀಟರ್ ಲ್ಯಾಂಡಿನ್ ಅನ್ನೋ ತರುಣನನ್ನು ತನ್ನ ಜೇಬಿನ ದುಡ್ಡಿನಲ್ಲಿ ಸಹಾಯಕನಾಗಿ ಇಟ್ಟುಕೊಂಡ. ಪ್ರೋಗ್ರಾಮಿಂಗ್ ಭಾಷೆಗಳ ತತ್ವದ ಬಗ್ಗೆ ಯೋಚಿಸೋದೇ ಆ ತರುಣನ ಕೆಲಸ. ಲ್ಯಾಂಡಿನ್ ಮುಂದೆ ಆ ಕ್ಷೇತ್ರದ ದೊಡ್ಡ ಹೆಸರಾದ.

1962ರಲ್ಲಿ ಕೇಂಬ್ರಿಡ್ಜ್‌ನ ಪ್ರಯೋಗಾಲಯಕ್ಕೆ ಸೇರಿ ಸಿಪಿಎಲ್ ಅನ್ನೋ ಭಾಷೆಯ ವಿನ್ಯಾಸದಲ್ಲಿ ತೊಡಗಿದ. ಭಾಷೆ ಅಂದುಕೊಂಡಂತೆ ಪೂರ್ತಿಯಾಗಲಿಲ್ಲ. ಅಂದುಕೊಂಡದ್ದು ಬಹಳ ದೊಡ್ಡದಾಗಿತ್ತು. ಆದರೆ ಆ ಸೋಲಿನ ಬೂದಿಯಿಂದ ಮಾರ್ಟಿನ್ ರಿಚರ್ಡ್ಸ್ ಬಿಸಿಪಿಎಲ್ ಅನ್ನೋ ಸಣ್ಣ ಭಾಷೆ ಮಾಡಿದ. ಅದರಿಂದ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಿ ಬಂತು, ಬಿಯಿಂದ ಸಿ ಬಂತು. ಇವತ್ತು ಕ್ಲೌಡ್ ನಡೆಸುವ ಲಿನಕ್ಸ್ ಬಹುತೇಕ ಬರೆದಿರೋದು ಸಿ ಭಾಷೆಯಲ್ಲಿ.

1965ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರೋಗ್ರಾಮಿಂಗ್ ಸಂಶೋಧನಾ ಗುಂಪು ಕಟ್ಟಿದ. 1967ರಲ್ಲಿ ಕೋಪನ್‌ಹೇಗನ್‌ನ ಬೇಸಿಗೆ ಶಾಲೆಯೊಂದರಲ್ಲಿ ಆತ ಕೊಟ್ಟ ಉಪನ್ಯಾಸಗಳ ಟಿಪ್ಪಣಿ ಎಷ್ಟೋ ವರ್ಷ ಕೈಯಿಂದ ಕೈಗೆ ಓಡಾಡಿತು. ಅದು ಸರಿಯಾಗಿ ಅಚ್ಚಾಗಿದ್ದು 2000ನೇ ಇಸವಿಯಲ್ಲಿ, ಆತ ಸತ್ತು 25 ವರ್ಷವಾದ ಮೇಲೆ. ಬರೆದದ್ದು ತನಗೆ ಒಪ್ಪಿಗೆಯಾಗುವ ತನಕ ಅಚ್ಚಿಗೆ ಕೊಡದ ಮನುಷ್ಯ. 1969ರಲ್ಲಿ ತರ್ಕಶಾಸ್ತ್ರಜ್ಞ ಡೇನಾ ಸ್ಕಾಟ್ ಜೊತೆ ಸೇರಿ, ಪ್ರೋಗ್ರಾಂ ಬರೆದ ಪ್ರತಿ ಸಾಲಿಗೂ ಗಣಿತದ ನಿಖರ ಅರ್ಥ ಕೊಡುವ ಸಿದ್ಧಾಂತಕ್ಕೆ ಅಡಿಪಾಯ ಹಾಕಿದ. ಜೊತೆಗೇ ಜೋ ಸ್ಟಾಯ್ ಜೊತೆ ಒಂದು ಪುಟ್ಟ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ಮನ್ನೂ ಬರೆಯುತ್ತಿದ್ದ. ಸಿದ್ಧಾಂತದವರು ಕೈಕೆಸರು ಮಾಡಿಕೊಳ್ಳಬೇಕು, ಕೈಕೆಸರಿನವರು ಸಿದ್ಧಾಂತ ಕಲಿಯಬೇಕು, ಎರಡನ್ನೂ ಬೇರೆ ಮಾಡಿದರೆ ಎರಡೂ ಕೆಡುತ್ತವೆ ಅನ್ನೋದು ಆತ ಕೊನೇ ತನಕ ಹಿಡಿದ ಹಟ.

1971ರಲ್ಲಿ ಆಕ್ಸ್‌ಫರ್ಡ್ ಆತನನ್ನು ಪ್ರೊಫೆಸರ್ ಮಾಡಿತು. ಎರಡನೇ ದರ್ಜೆಯ, ಡಾಕ್ಟರೇಟ್ ಇಲ್ಲದ ಮಾಜಿ ಶಾಲಾ ಮೇಷ್ಟ್ರಿಗೆ ಆಗ 54 ವರ್ಷ. ನಾಲ್ಕು ವರ್ಷಗಳ ನಂತರ, ರಾಬರ್ಟ್ ಮಿಲ್ನ್ ಜೊತೆ ಒಂದು ದೊಡ್ಡ ಗ್ರಂಥದ ಕೆಲಸದಲ್ಲಿದ್ದಾಗ ಕಾಮಾಲೆ ಹಿಡಿಯಿತು. ಸುಧಾರಿಸಿಕೊಂಡಂತೆ ಕಂಡರೂ ಮತ್ತೆ ಮಲಗಿದ. 1975ರ ಮೇ 18ರಂದು ಸೋಂಕಿನ ಹೆಪಟೈಟಿಸ್‌ನಿಂದ ತೀರಿಕೊಂಡ. ಗ್ರಂಥ ಮರುವರ್ಷ ಹೊರಬಂತು.

ಹತ್ತು ಸೆಂಟಿಗೆ ಒಂದು ಗಂಟೆ

ಆತ ಬದುಕಿದ್ದಾಗಲೇ ಬೀಜ ಮೊಳಕೆಯೊಡೆದಿತ್ತು. 1961ರ ನವೆಂಬರಿನಲ್ಲಿ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೊ ತಂಡ ಹಲವರು ಒಟ್ಟಿಗೆ ಬಳಸುವ ವ್ಯವಸ್ಥೆಯನ್ನು ನಡೆಸಿ ತೋರಿಸಿತು. 1967ರಲ್ಲಿ ಐಬಿಎಂನವರು ಸಮಯ ಹಂಚಿಕೆಯನ್ನೂ, ಯಂತ್ರದೊಳಗೆ ಯಂತ್ರ ಅನ್ನೋ ತತ್ವವನ್ನೂ ಬೆಸೆದರು. ಒಂದು ದೊಡ್ಡ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ತನ್ನದೇ ಪೂರ್ತಿ ಕಂಪ್ಯೂಟರ್ ಇರುವ ಭಾವನೆ. 1972ರಲ್ಲಿ ಅದು ವಿಎಂ/370 ಅನ್ನೋ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಆಮೇಲೆ ಸಣ್ಣ ಕಂಪ್ಯೂಟರುಗಳು ಅಗ್ಗವಾದವು, ಮನೆ ಮನೆಗೆ ಬಂದವು, ಹಂಚಿಕೊಳ್ಳುವ ಅಗತ್ಯ ಮರೆತುಹೋಯಿತು. 1990ರ ದಶಕದ ಕೊನೆಗೆ ಕಂಪನಿಗಳ ಕೋಣೆಗಳಲ್ಲಿ ಸಾವಿರಾರು ಸರ್ವರ್‌ಗಳು ಹೆಚ್ಚು ಹೊತ್ತು ಸುಮ್ಮನೇ ಕೂತು ಕರೆಂಟ್ ತಿನ್ನತೊಡಗಿದಾಗ ಹಳೇ ಯೋಚನೆ ಮತ್ತೆ ನೆನಪಾಯಿತು. 1998ರಲ್ಲಿ ವಿಎಂವೇರ್ ಹುಟ್ಟಿತು. 2003ರಲ್ಲಿ ಕೇಂಬ್ರಿಡ್ಜ್‌ನಲ್ಲಿ, ಸ್ಟ್ರೇಚಿ ಕೆಲಸ ಮಾಡಿದ್ದ ಅದೇ ಪ್ರಯೋಗಾಲಯದ ಮುಂದಿನ ಪೀಳಿಗೆಯವರು ಝೆನ್ ಅನ್ನೋ ಹೈಪರ್‌ವೈಸರನ್ನು ಮುಕ್ತವಾಗಿ ಜಗತ್ತಿಗೆ ಕೊಟ್ಟರು. 2006ರ ಆಗಸ್ಟಿನಲ್ಲಿ ಅಮೆಜಾನ್ ಅದೇ ಝೆನ್ ಮೇಲೆ ತನ್ನ ಬಾಡಿಗೆ ಕಂಪ್ಯೂಟರ್ ಸೇವೆ ಶುರು ಮಾಡಿತು. ಗಂಟೆಗೆ 10 ಸೆಂಟ್.

ಗಮನಿಸಿ. ಮ್ಯಾಂಚೆಸ್ಟರ್, ಕೇಂಬ್ರಿಡ್ಜ್, ಆಕ್ಸ್‌ಫರ್ಡ್, ಎಂಐಟಿ, ಎಲ್ಲ ಕಡೆ ಮುಖ್ಯವಾಗಿ ಖರ್ಚಾದದ್ದು ಸಾರ್ವಜನಿಕರ ದುಡ್ಡು. ಇವತ್ತು ಆ ಬೆಳೆಯ ದೊಡ್ಡ ಪಾಲು ಕೊಯ್ಯುತ್ತಿರೋದು ಕೈಬೆರಳೆಣಿಕೆಯ ಕಂಪನಿಗಳು. ನಮ್ಮ ಬೆಂಗಳೂರು ಆ ಹೊಲದಲ್ಲಿ ಕೂಲಿಗೆ ಹೋಗುತ್ತದೆ. ಕೂಲಿ ಚೆನ್ನಾಗಿದೆ, ನಾನೂ ಅದೇ ಕೂಲಿಯವನು. ಆದರೆ ಹೊಲ ನಮ್ಮದಲ್ಲ, ಬೀಜವೂ ನಮ್ಮದಲ್ಲ.

ಬೀಗ ಹಾಕಿದ ಲ್ಯಾಬು

ಈಗ ನನ್ನ ಕತೆ, ಚಿಕ್ಕದಾಗಿ. ನಾನು ಓದಿದ್ದು ಒಂದು ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ. ಅರವತ್ತು ಜನರಿಗೆ ಇಪ್ಪತ್ತು ಕಂಪ್ಯೂಟರು. ಅದರಲ್ಲಿ ಎಂಟು ಕೆಟ್ಟಿದ್ದವು. ವಾರಕ್ಕೆ ಎರಡು ಗಂಟೆ ಲ್ಯಾಬು. ಉಳಿದ ಹೊತ್ತೆಲ್ಲ ಬೀಗ. ಹಾಳಾದರೆ ಯಾರು ಜವಾಬ್ದಾರಿ ಅನ್ನೋ ಭಯ. ಪ್ರೋಗ್ರಾಂ ಓಡಿತೋ ಇಲ್ಲವೋ, ರೆಕಾರ್ಡ್ ಪುಸ್ತಕದಲ್ಲಿ ನೀಟಾಗಿ ಬರೆದಿದ್ದರೆ ಮಾರ್ಕು. ಕೊನೇ ವರ್ಷ ಕ್ಯಾಂಪಸ್‌ಗೆ ಬಂದ ಕಂಪನಿ ಶೇಕಡಾ 60ರ ಗೆರೆ ಎಳೆಯಿತು. ನನ್ನದು 58. ಪರೀಕ್ಷೆ ಬರೆಯೋಕೂ ಬಿಡಲಿಲ್ಲ.

ನನಗೆ ಯಂತ್ರ ಸಿಕ್ಕಿದ್ದು ಬಸ್ ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರಿನಲ್ಲಿ. ನಡೆಸುತ್ತಿದ್ದ ಅಣ್ಣ ರಾತ್ರಿ ಹತ್ತಕ್ಕೆ ಶಟರ್ ಎಳೆದು, ನನ್ನನ್ನು ಒಳಗೇ ಬಿಟ್ಟು, ಬೆಳಗ್ಗೆ ಗುಡಿಸಿ ನೀರು ಹಾಕೋದು ಮಾತ್ರ ಮರೀಬೇಡ ಅಂತ ಹೇಳಿ ಹೋಗುತ್ತಿದ್ದ. ಲಿನಕ್ಸ್ ಹಾಕಿದ್ದು, ಕೆಡಿಸಿದ್ದು, ಮತ್ತೆ ಹಾಕಿದ್ದು ಎಲ್ಲ ಅಲ್ಲೇ. ಕೆಟ್ಟ ಯಂತ್ರ ಬೆಳಗ್ಗೆಯೊಳಗೆ ಸರಿಹೋಗಲೇಬೇಕು, ಇಲ್ಲದಿದ್ದರೆ ಅಣ್ಣನ ವ್ಯಾಪಾರ ಹೋಗುತ್ತದೆ. ನನಗೆ ಬರುವ ವಿದ್ಯೆಯ ಮುಕ್ಕಾಲು ಪಾಲು ಆ ಭಯದಲ್ಲಿ ಕಲಿತದ್ದು.

ಆದ್ದರಿಂದ ಸ್ಟ್ರೇಚಿಯ ಮ್ಯಾಂಚೆಸ್ಟರ್ ರಾತ್ರಿಯ ಬಗ್ಗೆ ಓದಿದಾಗ ನನಗೆ ಮೈ ಜುಮ್ಮೆಂದಿತು. ಜೊತೆಗೆ ಸ್ವಲ್ಪ ಸಿಟ್ಟೂ ಬಂತು. ಆತ ಜಾಣ, ಅನುಮಾನವಿಲ್ಲ. ಆದರೆ ಆತನಿಗೆ ಟ್ಯೂರಿಂಗ್ ಪರಿಚಯ ಇದ್ದದ್ದು ಕಿಂಗ್ಸ್ ಕಾಲೇಜಿನಿಂದ. ಕಿಂಗ್ಸ್ ಕಾಲೇಜಿಗೆ ದಾರಿ ಮಾಡಿಕೊಟ್ಟದ್ದು ಮನೆತನ. ಮಾನಸಿಕವಾಗಿ ಕುಸಿದಾಗ, ಮಾರ್ಕು ಕಡಿಮೆ ಬಂದಾಗ, ಮೂವತ್ತೈದರ ತನಕ ದಾರಿ ಕಾಣದಿದ್ದಾಗ ಆತನನ್ನು ಯಾರೂ ಗೆರೆ ಎಳೆದು ಆಚೆ ನೂಕಲಿಲ್ಲ. ಎರಡನೇ ಅವಕಾಶ, ಮೂರನೇ ಅವಕಾಶ ಸಿಗುತ್ತಲೇ ಹೋಯಿತು. ಯಾರ ಬರಗಾಲದ ಲೆಕ್ಕ ಬರೆದು ಆ ಮನೆತನ ದೊಡ್ಡದಾಯಿತೋ ಆ ಜನರ ಮರಿಮಕ್ಕಳಿಗೆ ಇವತ್ತಿಗೂ ಮೊದಲ ಅವಕಾಶವೇ ಕಷ್ಟ.

ಕ್ಲೌಡ್ ಬಂದ ಮೇಲೆ ಇದೆಲ್ಲ ಬದಲಾಗಬೇಕಿತ್ತು. ಲೆಕ್ಕದ ಪ್ರಕಾರ ಬದಲಾಗಿದೆ ಕೂಡ. ಅತಿ ಸಣ್ಣ ವರ್ಚುವಲ್ ಯಂತ್ರದ ಒಂದು ಗಂಟೆಯ ಬಾಡಿಗೆ ಇವತ್ತು ಒಂದು ಚಹಾಕ್ಕಿಂತ ಕಡಿಮೆ. ಕೆಡಿಸಿದರೆ ಅಳಿಸಿ ಹೊಸದು ಮಾಡಿಕೊಳ್ಳಬಹುದು, ಯಾರೂ ಜವಾಬ್ದಾರರಾಗಬೇಕಿಲ್ಲ, ಅಣ್ಣನ ವ್ಯಾಪಾರವೂ ಕೆಡೋದಿಲ್ಲ. ಆದರೆ ಖಾತೆ ತೆರೆಯೋಕೆ ಕಾರ್ಡು ಕೇಳುತ್ತಾರೆ. ಸಿಂಧನೂರಿನ, ಹೊಸದುರ್ಗದ ಡಿಗ್ರಿ ಕಾಲೇಜಿನ ಹುಡುಗಿ ಯಾರ ಕ್ರೆಡಿಟ್ ಕಾರ್ಡು ಕೊಡಬೇಕು? ಒಂದು ಯಂತ್ರ ಆರಿಸೋದು ಮರೆತು ನನಗೇ ಒಮ್ಮೆ ಅರ್ಧ ತಿಂಗಳ ಸಂಬಳದಷ್ಟು ಬಿಲ್ ಬಂದಿತ್ತು. ಆ ಬಿಲ್ ಆಕೆಯ ಅಪ್ಪನಿಗೆ ಬಂದರೆ ಓದೇ ನಿಲ್ಲುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಸರ್ಕಾರ ಒಂದು ಸಾಧಾರಣ ಡೇಟಾ ಸೆಂಟರಿನಲ್ಲಿ ಜಾಗ ಮಾಡಿ, ಪ್ರತಿ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೂ ಇಂತಿಷ್ಟು ಗಂಟೆ ಅಂತ ವರ್ಚುವಲ್ ಯಂತ್ರ ಕೊಡಬಹುದು. ಬೇಕಾದ ತಂತ್ರಾಂಶವೆಲ್ಲ ಮುಕ್ತವಾಗಿ, ಪುಕ್ಕಟೆ ಸಿಗುತ್ತದೆ. ನೋಡಿಕೊಳ್ಳೋಕೆ ನನ್ನಂಥವರು ಈ ನಗರದಲ್ಲಿ ಸಾವಿರಾರು ಜನ ಇದ್ದಾರೆ. ಉದ್ಘಾಟನೆಗೆ ರಿಬ್ಬನ್ ಕತ್ತರಿಸೋಕೆ ಕಣ್ಣಿಗೆ ಕಾಣುವ ಕಟ್ಟಡ ಇರೋದಿಲ್ಲ ಅನ್ನೋದೊಂದೇ ತೊಂದರೆ.

ಮೊನ್ನೆ ನಮ್ಮ ತಂಡಕ್ಕೆ ಹೊಸಬರನ್ನು ಆರಿಸುವಾಗ ಶೇಕಡಾ 60ರ ಗೆರೆಯನ್ನು ತೆಗೆಸಿದೆ. ಬಂದವರಿಗೆ ಒಂದೊಂದು ವರ್ಚುವಲ್ ಯಂತ್ರ ಕೊಟ್ಟು, ಒಂದು ಕೆಟ್ಟ ವ್ಯವಸ್ಥೆಯನ್ನು ಬೆಳಗ್ಗೆಯೊಳಗೆ ಸರಿಮಾಡಿ ಅಂತ ಬಿಟ್ಟೆವು. ಚೆನ್ನಾಗಿ ಮಾಡಿದ ಇಬ್ಬರಲ್ಲಿ ಒಬ್ಬಾಕೆಯ ಮಾರ್ಕು 56. ಆಕೆ ಮುಂದಿನ ಸ್ಟ್ರೇಚಿ ಆಗುತ್ತಾಳೋ ಇಲ್ಲವೋ, ಆಗಲೇಬೇಕು ಅಂತಲೂ ಇಲ್ಲ. ಆ ಒಂದು ರಾತ್ರಿ ಆಕೆಗೆ ಸಿಕ್ಕಿತು. ಉಳಿದವರಿಗೆ ಯಾವಾಗ ಅನ್ನೋದನ್ನು ನಾವು ಕೇಳುತ್ತಲೇ ಇರಬೇಕು.